ಓಡದ ಕಾರೇ ಒಳ್ಳೆಯ ಕಾರಂತೆ!

ಮೂರು ವಾರಗಳಿಂದ ನಮ್ಮ ದೇವರ ಕೋಣೆಯಲ್ಲಿ ಬತ್ತಿ ಕಳವಾಗುತ್ತಿತ್ತು.

ದುಡ್ಡಲ್ಲ, ಬೆಳ್ಳಿ ದೀಪವಲ್ಲ, ಬತ್ತಿ! ಮಧ್ಯಾಹ್ನ ಕುಳಿತು ಹತ್ತಿ ಹೊಸೆದು, ತುದಿಗೆ ಅರಶಿನ ಮುಟ್ಟಿಸಿ ತಟ್ಟೆಯಲ್ಲಿಟ್ಟರೆ ಮರುದಿನ ಅರ್ಧ ಮಾಯ. ನನಗೆ ಅತ್ತೆಯ ಮೇಲೆ ಸಂಶಯ. (ಎಪ್ಪತ್ತೆಂಟರ ಅತ್ತೆ ಬತ್ತಿ ಕದ್ದು ಏನು ಮಾಡುತ್ತಾರೆ ಎಂದು ಕೇಳಬೇಡಿ. ಸೊಸೆಯ ಸಂಶಯಕ್ಕೆ ಕಾರಣ ಬೇಕೆ?)

ಅದೇ ಮೂರು ವಾರಗಳ ಹಿಂದೆ ನಮ್ಮ ಅಂಗಳಕ್ಕೆ ಒಂದು ಹಳೆಯ ಕಾರು ಬಂದಿತ್ತು. ಎರಡಕ್ಕೂ ಸಂಬಂಧ ಉಂಟೆಂದು ಆಗ ಹೊಳೆಯಲಿಲ್ಲ.

ಕಾರು ಬೇಕಾಗಿದ್ದದ್ದು ಅತ್ತೆಗೆ. ಅವರ ಅಕ್ಕ ಇರುವುದು ಮಿಜಾರಿನಲ್ಲಿ, ನಾವು ಮಡಂತ್ಯಾರಿನಲ್ಲಿ. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆಗೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಎರಡು ವರ್ಷ. ಅಕ್ಕ ತಂಗಿ ಮುಖ ನೋಡದೆಯೂ ಎರಡು ವರ್ಷ. ಕಾರು ಬರುವ ಸ್ವಲ್ಪ ಮೊದಲು ಅಕ್ಕ ಫೋನು ಮಾಡಿದರು. "ಕಣ್ಣಿಗೆ ಇನ್ನು ಮದ್ದಿಲ್ಲ ಅಂತ ಡಾಕ್ಟ್ರು ಹೇಳಿದ್ರು ಗಂಗೆ. ಪೂರ್ತಿ ಕತ್ತಲೆ ಆಗುವ ಮೊದಲು ಒಮ್ಮೆ ಬಾ. ನಿನ್ನ ಮುಖ ನೋಡಬೇಕು."

ಅತ್ತೆ ಫೋನು ಇಟ್ಟು ತುಳಸಿಕಟ್ಟೆಯ ಬಳಿ ಹೋಗಿ ನಿಂತರು.

"ರಿಕ್ಷಾದಲ್ಲಿ ಹೋದ್ರೆ ಆಗ್ತದಾ?" ಎಂದು ಸಂಜೆ ಮೆಲ್ಲ ಕೇಳಿದರು.

"ಅಷ್ಟು ದೂರ, ನೆಂಟರ ಮನೆಗೆ, ರಿಕ್ಷಾದಲ್ಲಾ? ಜನ ಎಂತ ಹೇಳಿಯಾರು ಅಮ್ಮ? ಒಂದು ಕಾರು ತಗೊಳ್ತೇನೆ, ನಮ್ಮದೇ ಕಾರಿನಲ್ಲಿ ಕರ್ಕೊಂಡು ಹೋಗ್ತೇನೆ," ಎಂದರು ನಮ್ಮ ಯಜಮಾನರು. ನಾನೂ ಹೌದೆಂದು ತಲೆಯಾಡಿಸಿದೆ.

ನಮ್ಮ ಯಜಮಾನರು ಹೈಸ್ಕೂಲಿನ ಗಣಿತದ ಮಾಸ್ಟ್ರು. ಮಕ್ಕಳು ಒಂದು ಹೆಜ್ಜೆ ತಪ್ಪಿದರೆ ಅರ್ಧ ಮಾರ್ಕು ಕಡಿಯುವವರು. ಆದರೆ ಹಳೆಯ ಕಾರು ಕಂಡರೆ ಲೆಕ್ಕವೆಲ್ಲ ಮರೆತುಹೋಗುತ್ತದೆ. ನಾಲ್ಕು ಜನರ ಹತ್ತಿರ ಇರುವಂಥ ಕಾರು ಇವರಿಗೆ ಆಗದು. "ಕ್ಯಾರೆಕ್ಟರ್" ಇರಬೇಕಂತೆ! ಕಾರಿಗೆ ಕ್ಯಾರೆಕ್ಟರ್ ಎಂದರೆ ಏನು? ನನಗೆ ಅರ್ಥವಾದಷ್ಟು ಹೇಳುತ್ತೇನೆ: ಗಾಜು ಇಳಿದರೆ ಏರುವುದಿಲ್ಲ, ಹಾರ್ನ್ ತನಗೆ ಮನಸ್ಸಾದಾಗ ಮಾತ್ರ ಕೂಗುತ್ತದೆ, ಬಿಡಿಭಾಗ ಬೇಕೆಂದರೆ ಮಾಡಿದ ಕಂಪೆನಿಯೇ ದೇಶ ಬಿಟ್ಟು ಹೋಗಿರುತ್ತದೆ. ಇಂಥ ಗುಣ ಮದುಮಗನಲ್ಲಿದ್ದರೆ ಹೆಣ್ಣು ಕೊಡುತ್ತೇವೆಯೇ?

ಇವರು ತಂದದ್ದು ಹಣ್ಣಾದ ಅಂಬಟೆಯಂಥ ಹಳದಿ ಬಣ್ಣದ ಕಾರು. ಬಾಗಿಲು ಎರಡೇ. ಹೌದು, ಮೊಣಕಾಲು ಮಡಚಲಾಗದ ತಾಯಿಗಾಗಿ ಮಗ ತಂದದ್ದು ಎರಡು ಬಾಗಿಲಿನ ಕಾರು!

"ಅಮ್ಮ ಮುಂದೆ ಕೂತುಕೊಳ್ತಾರಲ್ಲ!"

"ಮತ್ತೆ ನಾನು?"

"ಸೀಟು ಮಡಚಿದ್ರೆ ಹಿಂದೆ ಹೋಗಬಹುದು ಮಾರಾಯ್ತಿ. ನೋಡು, ಎಷ್ಟು ಚಂದ ಮಡಚ್ತದೆ!"

ಸೀಟೇನೋ ಚಂದ ಮಡಚುತ್ತದೆ. ಐವತ್ತೆರಡರ ನಾನು?

ಇನ್ನು ಇವರ ಬ್ರಹ್ಮಾಸ್ತ್ರ. "ಇದು ಗಲ್ಫಿನವರ ಕಾರು! ವರ್ಷದಲ್ಲಿ ಒಂದು ತಿಂಗಳು ರಜೆಗೆ ಬಂದಾಗ ಮಾತ್ರ ಓಡಿಸಿದ್ದು. ಬಾಕಿ ಹನ್ನೊಂದು ತಿಂಗಳು ಶೆಡ್ಡಿನಲ್ಲಿ. ಓಡಿಯೇ ಇಲ್ಲ!"

ಬಂಟ್ವಾಳ, ಬೆಳ್ತಂಗಡಿ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ "ಗಲ್ಫಿನವರ ಕಾರು" ಎಂದರೆ ಮುಗಿಯಿತು, ಬಾನೆಟ್ ಎತ್ತಿಯೂ ನೋಡುವುದಿಲ್ಲ. ಹಲಸಿನ ಹಣ್ಣನ್ನಾದರೆ ನಾಲ್ಕು ಕಡೆ ತಟ್ಟುತ್ತೇವೆ, ಮೂಸುತ್ತೇವೆ. ಹನ್ನೊಂದು ತಿಂಗಳು ಮಲಗಿದಲ್ಲೇ ಇದ್ದ ಮನುಷ್ಯನನ್ನು ಯಾರಾದರೂ ಗಟ್ಟಿಮುಟ್ಟಾಗಿದ್ದಾನೆ ಎನ್ನುತ್ತಾರೆಯೇ? ಕಾರಿಗೆ ಮಾತ್ರ ಅದೇ ಯೋಗ್ಯತೆ!

ದೇವಸ್ಥಾನದ ಎದುರು ವಾಹನ ಪೂಜೆಯಾಯಿತು. ಚಕ್ರದಡಿ ಲಿಂಬೆಹಣ್ಣು ಇಟ್ಟೆವು. ಕಾರು ಲಿಂಬೆಹಣ್ಣು ಹತ್ತಿ ಇಳಿಯಿತು, ನಿಲ್ಲಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ.

ಕಾಗದಪತ್ರವೆಲ್ಲ ಆಗಿ, ಕಳೆದ ಭಾನುವಾರ ಬೆಳಗ್ಗೆ ಮಿಜಾರಿಗೆ ಹೊರಟೆವು. ಅತ್ತೆ ಪೆಟ್ಟಿಗೆಯ ಅಡಿಯಿಂದ ತೆಗೆದ ಹಸಿರು ಸೀರೆ ಉಟ್ಟಿದ್ದರು, ಹಿಂದೊಮ್ಮೆ ಅಕ್ಕನೇ ಕೊಡಿಸಿದ್ದು. "ಬಣ್ಣ ಆದ್ರೂ ಗೊತ್ತಾಗಲಿ ಅವಳಿಗೆ," ಎಂದರು. ನಾನು ಸೀಟು ಮಡಚಿ, ಸೀರೆ ಎತ್ತಿ, ರಾಮ ರಾಮ ಎನ್ನುತ್ತಾ ಹಿಂದೆ ನುಗ್ಗಿದೆ.

ವಾಮದಪದವು ಪೇಟೆಯಲ್ಲಿ ಕಾರು ಒಮ್ಮೆ ಕೆಮ್ಮಿ ನಿಂತಿತು. ಗುಡ್ಡದ ತಿರುವಿನಲ್ಲಲ್ಲ, ಸರಿಯಾಗಿ ರಿಕ್ಷಾ ಸ್ಟ್ಯಾಂಡಿನ ಎದುರು. (ಇದನ್ನೂ ದೇವರ ದಯೆಯ ಕಡೆಗೇ ಸೇರಿಸುತ್ತೇನೆ.) ಇವರು ಕೀಲಿ ತಿರುಗಿಸಿದರು, ಸ್ಟೇರಿಂಗಿಗೆ ನಮಸ್ಕಾರ ಮಾಡಿದರು. ಏನೂ ಇಲ್ಲ. ಇಂಥದೇ ಕಾರು ಇರುವವರ ವಾಟ್ಸಾಪ್ ಗ್ರೂಪಿಗೆ ಮೆಸೇಜು ಹಾಕಿದರು. ಯಾರೋ ಕೈಮುಗಿದ ಚಿತ್ರ ಕಳಿಸಿದರು.

ಇವರನ್ನು ಶಾಲೆಯಲ್ಲಿ ಕಂಡು ಗೊತ್ತಿದ್ದ ನಡುವಯಸ್ಸಿನ ರಿಕ್ಷಾ ಡ್ರೈವರ್ ಲಾರೆನ್ಸಣ್ಣ ಬಂದು ಬಾನೆಟ್ ಎತ್ತಿ ಬಗ್ಗಿದವರು ಜೋರಾಗಿ ನಕ್ಕರು.

"ಮಾಸ್ಟ್ರೇ, ಒಳಗೆ ಬಾಡಿಗೆಗೆ ಜನ ಇದ್ದಾರೆ!"

ಇಲಿಯ ಗೂಡು! ಸುತ್ತ ಕಡಿದ ವಯರುಗಳು.

"ಗಲ್ಫಿನವರ ಕಾರು, ಓಡಿಯೇ ಇಲ್ಲ..." ಎಂದು ಇವರು ತೊದಲಿದರು.

"ಕಾರು ಓಡಲಿಲ್ಲ, ಇಲಿ ಓಡಿತು. ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿ ಬಾರದೆ ಇರ್ತದಾ?" ಎನ್ನುತ್ತಾ ಲಾರೆನ್ಸಣ್ಣ ಗೂಡನ್ನು ಎಳೆದು ಹಾಕಿದರು. ಹಳೆಯ ಗೋಣಿ ನಾರು, ಕಾಗದದ ಚೂರು, ಅದರ ನಡುವೆ ಹಾಸಿಗೆಯ ಹಾಗೆ ಮೆತ್ತಗೆ ನನ್ನ ಬತ್ತಿಗಳು. ತುದಿಯ ಅರಶಿನ ಕೂಡ ಮಾಸಿರಲಿಲ್ಲ.

ಅತ್ತೆ ಬತ್ತಿ ನೋಡಿದರು. ನನ್ನನ್ನು ನೋಡಿದರು. "ಕದ್ದದ್ದು ನಾನು ಅಂತ ಗ್ರಹಿಸಿದ್ದಿಯಲ್ಲ?" ಎಂದರು. ನಾನು ತಪ್ಪಾಯಿತೆಂದು ದೇವರಿಗೆ ಕೈಮುಗಿದೆ. ಅತ್ತೆಯ ಮುಖ ನೋಡುವಷ್ಟು ಧೈರ್ಯ ಇರಲಿಲ್ಲ.

ಇವರು ಮೆಕ್ಯಾನಿಕ್‌ಗೆ ಫೋನು ಹಚ್ಚಿದರು. ಭಾನುವಾರ, ಮಧ್ಯಾಹ್ನದ ಮೇಲೆ ಬರುತ್ತಾನಂತೆ. "ಸ್ವಲ್ಪ ಕಾಯುವ ಅಮ್ಮ."

"ನೀನು ಕಾಯಿ," ಎಂದರು ಅತ್ತೆ. "ಅಕ್ಕನ ಕಣ್ಣು ಕಾಯುವುದಿಲ್ಲ." ಅಷ್ಟು ಹೇಳಿ ಲಾರೆನ್ಸಣ್ಣನ ರಿಕ್ಷಾ ಹತ್ತಿಯೇಬಿಟ್ಟರು. ಯಾರೂ ಕೈಹಿಡಿಯಲಿಲ್ಲ. ತಗ್ಗಿನ ಮೆಟ್ಟಿಲು, ಅಗಲ ಬಾಯಿ, ಮಡಚಲು ಸೀಟಿಲ್ಲ. ನಾನೂ ಹೋಗಿ ಅವರ ಪಕ್ಕ ಕುಳಿತೆ. ಯಜಮಾನರು ರೋಗಿಯ ಪಕ್ಕ ನಿಂತವರ ಹಾಗೆ ಕಾರಿನ ಬಳಿ ಉಳಿದರು.

ಸಿದ್ಧಕಟ್ಟೆ, ಮೂಡುಬಿದಿರೆ, ಮಿಜಾರು. ರಿಕ್ಷಾ ಎಲ್ಲಿಯೂ ಕೆಮ್ಮಲಿಲ್ಲ.

ಜಗಲಿಯಲ್ಲಿ ಕುಳಿತಿದ್ದ ಅಕ್ಕ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ತುಂಬ ಹೊತ್ತು ನೋಡಿದರು.

"ಸಪೂರ ಆಗಿದ್ದಿ. ಈ ಸೀರೆ ನಾನು ಕೊಟ್ಟದ್ದಲ್ವಾ?"

ಕಾಣುತ್ತದೆ! ಇನ್ನೂ ಕಾಣುತ್ತದೆ. ನಾನು ಕಂಬದ ಮರೆಗೆ ಸರಿದು ಕಣ್ಣೊರೆಸಿಕೊಂಡೆ.

"ಮಗ ಕಾರು ತಗೊಂಡಿದ್ದಾನೆ ಅಂದಿದ್ದಿ. ಮತ್ತೆ ರಿಕ್ಷಾದ ಸದ್ದು ಕೇಳಿತಲ್ಲ?"

"ಕಾರು ಅವನಿಗೆ ನೋಡಲಿಕ್ಕೆ," ಎಂದರು ಅತ್ತೆ. "ನನಗೆ ಬರಲಿಕ್ಕೆ ರಿಕ್ಷಾ."

ಸಂಜೆ ಲಾರೆನ್ಸಣ್ಣ ನಮ್ಮನ್ನು ಮಡಂತ್ಯಾರಿನಲ್ಲಿ ಇಳಿಸಿ, "ಇಲ್ಲಿ ನಿಮ್ಮ ಗೇಟಿನ ಹತ್ತಿರವೇ ರಿಕ್ಷಾ ಸ್ಟ್ಯಾಂಡ್ ಉಂಟಲ್ಲ ಅಕ್ಕಾ!" ಎಂದು ಆಶ್ಚರ್ಯಪಟ್ಟರು.

ಉಂಟು. ನೂರು ಹೆಜ್ಜೆ ಕೂಡ ಇಲ್ಲ. ಅಷ್ಟು ನಡೆಯಲು ನಮಗೆ ಎರಡು ವರ್ಷ ಯಾಕೆ ಬೇಕಾಯಿತು?