ಗಾದಿಗನೂರಿನ ಮಾಳಿಗೆಯ ಧೂಳು

ನಾನು ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಓದಲು ಹೋದದ್ದು ಧೂಳಿನ ಬಗ್ಗೆ. ಹೀಗೆಂದರೆ ಕಂಪ್ಲಿಯಲ್ಲಿ ಯಾರೂ ನಂಬುತ್ತಿರಲಿಲ್ಲ. "ಧೂಳು ಓದಾಕ ವಿಮಾನ ಹತ್ತಬೇಕೇನು? ಹೊಸಪೇಟಿ ರೋಡಿನಾಗ ನಿಂತ್ರ ಪುಕ್ಕಟ ಸಿಗ್ತೈತಿ" ಎಂದು ನಮ್ಮ ರೈಸ್ ಮಿಲ್ಲಿಗೆ ಭತ್ತ ತಂದವರೆಲ್ಲ ಅಪ್ಪನಿಗೆ ಹೇಳುತ್ತಿದ್ದರು. ಪ್ರತಿಯೊಬ್ಬರೂ ಆ ಮಾತು ತಮಗೇ ಮೊದಲು ಹೊಳೆದಂತೆ ನಗುತ್ತಿದ್ದರು. ಅಪ್ಪನೂ ಪ್ರತಿ ಸಲ ಹೊಸದಾಗಿ ನಗುತ್ತಿದ್ದ. ಗಿರಾಕಿ ನಕ್ಕಾಗ ನಗದಿದ್ದರೆ ವ್ಯಾಪಾರ ಹೇಗೆ ನಡೆದೀತು?

ಇಂಗ್ಲೆಂಡಿನಲ್ಲಿ ಕಾಟ ಬೇರೆ ತರಹದ್ದು. ನಿನ್ನ ಊರು ಯಾವುದು ಎಂದು ಕೇಳುತ್ತಿದ್ದರು. ಕಂಪ್ಲಿ ಎಂದರೆ ಸುಮ್ಮನೆ ನೋಡುತ್ತಿದ್ದರು. ಹೊಸಪೇಟೆ ಎಂದರೂ ಅಷ್ಟೇ, ಸಂಡೂರು ಎಂದರೂ ಅಷ್ಟೇ. ಕೊನೆಗೆ ಸೋತು ಹಂಪಿ ಎಂದೆನೋ, ಎಲ್ಲರ ಮುಖ ಅರಳುತ್ತಿತ್ತು. ನನ್ನ ಹಾಸ್ಟೆಲಿನ ಪಕ್ಕದ ಕೋಣೆಯ ಹುಡುಗಿ ಹಂಪಿಯ ಹೊಳೆಯಾಚೆ ಮೂರು ವಾರ ಇದ್ದು ಬಂದವಳು. ಅಲ್ಲಿ ಎಷ್ಟು ಶಾಂತಿ, ಎಷ್ಟು ಶುದ್ಧ ಗಾಳಿ ಎಂದು ನನಗೇ ವರ್ಣಿಸುತ್ತಿದ್ದಳು. ಅವಳು ಬಂಡೆಯ ಮೇಲೆ ಕೂತು ಶಾಂತಿ ಸವಿಯುವಾಗ, ಸ್ವಲ್ಪವೇ ದೂರದಲ್ಲಿ ಸಂಡೂರಿನ ಗಣಿಗಳಿಂದ ಕಬ್ಬಿಣದ ಅದಿರಿನ ಲಾರಿಗಳು ಒಂದರ ಬೆನ್ನಿಗೊಂದು ಹೋಗುತ್ತಿದ್ದವು ಎಂದರೆ ಅವಳಿಗೆ ಬೇಸರ. ಅವಳ ರಜೆಯನ್ನು ನಾನು ಹಾಳು ಮಾಡಿದೆನಂತೆ.

ಇನ್ನು ನನ್ನ ಮಾರ್ಗದರ್ಶಕರು. ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವರು, ಹೆಸರು ಹಿಡಿದೇ ಕರೆ ಎಂದು ಒತ್ತಾಯಿಸುತ್ತಿದ್ದರು. ನನಗೆ ಬಾಯಿ ಬರುತ್ತಿರಲಿಲ್ಲ. ಸರ್ ಎಂದರೆ ಅವರಿಗೆ ಸಿಟ್ಟು. ಹಾಗಾಗಿ ಇದ್ದಷ್ಟು ಕಾಲವೂ ನಾನು ಅವರನ್ನು ಏನೆಂದೂ ಕರೆಯಲಿಲ್ಲ. ಅವರು ತಾವಾಗಿ ನನ್ನತ್ತ ತಿರುಗುವವರೆಗೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ಧೂಳಿನ ಊರಿನವಳು, ಕೆಮ್ಮು ಇದ್ದದ್ದೇ ಎಂದುಕೊಂಡಿರಬೇಕು.

ಧೂಳು ಹಿಡಿಯುವ ಉಪಾಯ ಅವರೇ ಹೇಳಿಕೊಟ್ಟದ್ದು, ಬಹಳ ಸರಳ. ಕೇಕು ಬೇಯಿಸುವ ಅಗಲವಾದ ತಾಟಿನಲ್ಲಿ ಗಾಜಿನ ಗೋಲಿ ತುಂಬಿ ಮಾಳಿಗೆಯ ಮೇಲೆ ಒಂದು ತಿಂಗಳು ಬಿಡಬೇಕು. ಬಿದ್ದ ಧೂಳು ಗೋಲಿಗಳ ಸಂದಿಗೆ ಇಳಿಯುತ್ತದೆ, ಗಾಳಿಗೆ ಮತ್ತೆ ಹಾರುವುದಿಲ್ಲ. ತಿಂಗಳಾದ ಮೇಲೆ ಗೋಲಿ ತೊಳೆದ ನೀರನ್ನು ಸೋಸಿ, ಒಣಗಿಸಿ, ತೂಗಿದರೆ ಮುಗಿಯಿತು. ಇಷ್ಟಕ್ಕೆ ವಿಶ್ವವಿದ್ಯಾಲಯದವರು ಕೇಳಿದ ಪ್ರಶ್ನೆಗಳೋ! ಮನೆಯವರು ಗೋಲಿಯ ಮೇಲೆ ಕಾಲಿಟ್ಟು ಜಾರಿ ಬಿದ್ದರೆ ಹೊಣೆ ಯಾರು? ತಾಟಿನಲ್ಲಿ ಮಳೆನೀರು ನಿಂತರೆ? ಹಕ್ಕಿ ಗೋಲಿ ನುಂಗಿದರೆ? ಎಲ್ಲವನ್ನೂ ಯೋಚಿಸಿದ್ದರು. ನಮ್ಮ ಮಂದಿಯನ್ನೊಂದು ಬಿಟ್ಟು.

ಚಳಿಗಾಲ ಮುಗಿಯುವ ಹೊತ್ತಿಗೆ ತಾಟುಗಳನ್ನು ಹೊತ್ತು ಊರಿಗೆ ಬಂದೆ. ಒಂದೊಂದು ಕಡೆ ಒಂದೊಂದನ್ನು ಇಟ್ಟೆ. ಹಂಪಿಯ ಪಕ್ಕದ ಕಡ್ಡಿರಾಂಪುರದ ಗೋಲಿಗಳನ್ನು ಮಂಗಗಳು ಒಯ್ದವು. ಕಂಪ್ಲಿಯ ನಮ್ಮ ಮನೆಯದು, ಗಣಿಯಿಂದ ದೂರ, ಶುದ್ಧ ಗಾಳಿಯ ಲೆಕ್ಕಕ್ಕೆ ಇಟ್ಟದ್ದು. ಅದರ ತುಂಬ ನಮ್ಮದೇ ಮಿಲ್ಲಿನ ಹೊಟ್ಟು ಬಿತ್ತು. ಹೊಸಪೇಟೆಯದು, ಸಂಡೂರಿನದು ಹೇಗೋ ಉಳಿದವು. ಆದರೆ ನಿಜವಾಗಿ ಬೇಕಾಗಿದ್ದದ್ದು ಗಾದಿಗನೂರಿನದು. ಅದಿರಿನ ಲಾರಿ ಓಡುವ ದಾರಿಗೆ ಹೊಂದಿಕೊಂಡೇ ನನ್ನ ಸೋದರತ್ತೆಯ ಮನೆ. ದಾರಿಯ ಪಕ್ಕದ ಒಂದು ಪೂರ್ತಿ ತಿಂಗಳ ಧೂಳು ಸಿಗದಿದ್ದರೆ ವಿಷಯವನ್ನೇ ಬದಲಿಸಬೇಕು ಎಂದು ಮಾರ್ಗದರ್ಶಕರು ಮೊದಲೇ ಹೇಳಿದ್ದರು. ವಿಷಯ ಬದಲಿಸಲು ನನ್ನ ವಿದ್ಯಾರ್ಥಿವೇತನದಲ್ಲಿ ಕಾಲ ಉಳಿದಿರಲಿಲ್ಲ. ಬದಲಿಸುವುದೆಂದರೆ ಪದವಿಯಿಲ್ಲದೆ ಗಂಟುಮೂಟೆ ಕಟ್ಟುವುದು.

ಅತ್ತೆ ಅಪ್ಪನ ಅಕ್ಕ. ಶುಚಿ ಎಂದರೆ ಪ್ರಾಣ. ಲಾರಿ ದಾರಿಯ ಪಕ್ಕದಲ್ಲಿದ್ದೂ ಅವಳ ಮಾಳಿಗೆಯ ಮೇಲೆ ಬಿಳಿ ಸೀರೆ ಹಾಸಿ ಮಲಗಬಹುದಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಸಬರಿಗೆ ಹಿಡಿದು ಮೇಲೆ ಹತ್ತುತ್ತಿದ್ದಳು. ತಾಟು ಇಡುವಾಗ ಬಿಡಿಸಿ ಬಿಡಿಸಿ ಹೇಳಿದ್ದೆ: ಮುಟ್ಟಬ್ಯಾಡ ಅತ್ತೀ, ಒರಸಬ್ಯಾಡ, ಹಂಗ ಬಿಡು. "ಹ್ಞೂಂ ಬಿಡು, ನಿನ್ನ ತಾಟು ನಾ ಯಾಕ ಮುಟ್ಲಿ?" ಎಂದಿದ್ದಳು.

ತಿಂಗಳ ಕೊನೆಗೆ ಬಸ್ಸಿಳಿದು ಹೋದೆ. ನನ್ನ ತಾಟು ಅಡುಗೆಮನೆಯ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿತ್ತು. ಅದರ ತುಂಬ ಶೇಂಗಾ ಉಂಡಿ. ಗೋಲಿಗಳನ್ನು ಒಂದೊಂದಾಗಿ ಒರೆಸಿ, ಹಳೇ ಕುಪ್ಪಸದ ಬಟ್ಟೆಯಲ್ಲಿ ಗಂಟು ಕಟ್ಟಿ ಪಕ್ಕದಲ್ಲಿಟ್ಟಿದ್ದಳು.

"ಅತ್ತೀ, ಏನಿದು?"

"ನೀ ಇವತ್ತು ಒಯ್ತೀದಿ ಅಂದಿದ್ದಿಲ್ಲ? ಮಂದಿ ತಾಟು ಹೊಲಸು ಕೊಡ್ತಾರೇನು? ಖಾಲಿ ಕೊಡ್ತಾರೇನು?"

ನಾನು ತಲೆ ಹಿಡಿದುಕೊಂಡು ಅಲ್ಲೇ ಕೂತೆ. ಅವಳ ಕಡೆಯಿಂದ ತಪ್ಪೇನೂ ಇಲ್ಲ. ನಮ್ಮ ಕಡೆ ಪಕ್ಕದ ಮನೆಯ ಬಟ್ಟಲು ಬಂದರೆ ಬೆಳಗಿ, ಒಳಗೊಂದಿಷ್ಟು ಸಕ್ಕರೆಯನ್ನಾದರೂ ಹಾಕಿಯೇ ತಿರುಗಿಸುವುದು. ಕೇಕಿನ ತಾಟು ಎಂದು ನಾನೇ ಹೇಳಿದ್ದೆ. ಉಣ್ಣುವ ಪದಾರ್ಥದ ತಾಟಿನಲ್ಲಿ ಮಣ್ಣು ಕೊಡುವಷ್ಟು ಗತಿಗೆಟ್ಟವಳಲ್ಲ ಅವಳು. ನನ್ನ ಒಂದು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಉಂಡಿ ಮಾತ್ರ ಚೆನ್ನಾಗಿದ್ದವು, ಸಿಟ್ಟಿನಲ್ಲಿ ಎರಡು ಹೆಚ್ಚೇ ತಿಂದೆ.

ಎರಡನೆಯ ತಿಂಗಳಿಗೆ ಮತ್ತೆ ಇಟ್ಟೆ, ಮತ್ತೆ ಹೇಳಿದೆ. ಬಂದು ನೋಡಿದರೆ ತಾಟು ಇಟ್ಟಲ್ಲೇ ಇದೆ, ಯಾರೂ ಮುಟ್ಟಿಲ್ಲ, ಅದರ ಮೇಲೆ ಅಚ್ಚುಕಟ್ಟಾಗಿ ಒಂದು ಪಂಚೆ ಹೊದಿಸಿ ನಾಲ್ಕೂ ಮೂಲೆಗೆ ಕಲ್ಲು ಹೇರಿದೆ.

"ಧೂಳು ಬೀಳತಿತ್ತಲ್ಲವ್ವ, ಅದಕ್ಕ ಮುಚ್ಚೀನಿ" ಎಂದಳು ಅತ್ತೆ.

ಆವತ್ತು ಹೊಸಪೇಟೆಯ ಸೈಬರ್ ಕೆಫೆಯಲ್ಲಿ ಕೂತು ಮಾರ್ಗದರ್ಶಕರಿಗೆ ಹೇಗೆ ಬರೆಯುವುದೆಂದು ಒದ್ದಾಡಿದೆ. ಪಂಚೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಅವರ ಉತ್ತರ ತಣ್ಣಗಿತ್ತು: ಮನೆಯವರಿಗೆ ಯೋಜನೆಯ ಉದ್ದೇಶವನ್ನು ಸ್ಪಷ್ಟವಾಗಿ ವಿವರಿಸು, ಇನ್ನು ಒಂದೇ ತಿಂಗಳು ಉಳಿದಿದೆ. ವಿವರಿಸು ಅಂತೆ! ಬಂದು ತಾವೇ ವಿವರಿಸಲಿ, ನೋಡೋಣ. ಆ ಒಂದು ತಿಂಗಳು ಕಳೆದರೆ ಮಳೆ ಶುರುವಾಗುತ್ತಿತ್ತು, ನನ್ನ ವಾಪಸು ಟಿಕೆಟ್ಟೂ ಆ ಹೊತ್ತಿನದೇ.

ಮರುದಿನವೇ ಗಾದಿಗನೂರಿಗೆ ಹೋಗಿ ಅತ್ತೆಯ ಮೇಲೆ ರೇಗಿದೆ. "ಧೂಳು ಬೀಳಲಿ ಅಂತನ ಇಟ್ಟೀನಿ! ಎಷ್ಟು ಸಲ ಹೇಳಲಿ? ಧೂಳ ಬೇಕು ನನಗ!"

ಅತ್ತೆ ಮೊರದಲ್ಲಿದ್ದ ಅಕ್ಕಿಯನ್ನು ಕೆಳಗಿಟ್ಟಳು. "ಕೂಗಬ್ಯಾಡ. ನನಗ ತಿಳಿಯಂಗಿಲ್ಲ ಅಂತ ಮಾಡೀಯೇನು? ಎಲ್ಲಾ ತಿಳದೈತಿ. ನನ್ನ ಮಾಳಿಗಿ ಹೊಲಸು ತೂಗಿ, ಇಂಥಾಕಿ ಮನಿಯಾಗ ಇಷ್ಟು ಹೊಲಸು ಐತಿ ಅಂತ ಆ ಬಿಳಿ ಮಂದಿಗೆ ತೋರಸ್ತೀದಿ."

"ನಿನ್ನ ಹೆಸರು ಬರಿಯಂಗಿಲ್ಲ ಅತ್ತೀ. ಬರೇ ನಂಬರ್ ಇರ್ತೈತಿ."

"ನಂಬರ್ ಹಾಕಿದ್ರ ನನ್ನ ಮನಿ ಅಲ್ಲಾಗ್ತೈತೇನು?"

ನನಗೆ ಅಳು ಬಂತು. ಅಳಬೇಕೆಂದು ಅತ್ತದ್ದಲ್ಲ, ಮಂಗ, ಹೊಟ್ಟು, ಉಂಡಿ, ಪಂಚೆ ಎಲ್ಲ ಸೇರಿ ಬಂದ ಅಳು. ಧೂಳು ಸಿಗದಿದ್ದರೆ ಪದವಿ ಸಿಗುವುದಿಲ್ಲ, ಇಷ್ಟು ದಿನ ಅಲ್ಲಿ ಒಬ್ಬಳೇ ಒಣ ಬ್ರೆಡ್ಡು ತಿಂದದ್ದೆಲ್ಲ ದಂಡ ಎಂದು ಬಿಕ್ಕುತ್ತಲೇ ಹೇಳಿದೆ. ಅತ್ತೆ ಸೆರಗಿನಿಂದ ನನ್ನ ಮೂಗು ಒರೆಸಿದಳು. ಒರೆಸುವುದು ಅವಳಿಗೆ ಬಿಡದ ಚಟ.

"ಆತು, ಸುಮ್ನಿರು. ಒಂದು ತಿಂಗಳು ನಾ ಮಾಳಿಗಿನ ಹತ್ತಂಗಿಲ್ಲ. ಕಸಬರಿಗಿನೂ ಒಯ್ಯಂಗಿಲ್ಲ. ಸಾಕೇನು?"

ಅದು ಸಂಡಿಗೆ ಹಾಕುವ ಕಾಲ. ಆ ಬೇಸಿಗೆ ಅತ್ತೆ ಸಂಡಿಗೆ ಹಿಟ್ಟು ಹೊತ್ತು ಓಣಿಯ ಕೊನೆಯ ಮನೆಗೆ ಹೋಗಿ ಹಾಕಿ ಬಂದಳಂತೆ. ಸ್ವಂತ ಮಾಳಿಗೆ ಇಟ್ಟುಕೊಂಡು ಮಂದಿ ಮಾಳಿಗೆಗೆ ಹೋಗುವುದು ಅವಳಿಗೆ ಎಷ್ಟು ಅವಮಾನ ಎಂದು ನನಗೆ ಗೊತ್ತಿತ್ತು. ಆದರೂ ನಾನು ಬೇಡ ಎನ್ನಲಿಲ್ಲ. ನನಗೆ ಧೂಳು ಬೇಕಿತ್ತು.

ತಿಂಗಳಾದ ಮೇಲೆ ಇಬ್ಬರೂ ಕೂಡಿ ಮಾಳಿಗೆ ಹತ್ತಿದೆವು. ನೆಲದ ಮೇಲೆ ನಮ್ಮ ಹೆಜ್ಜೆಗಳು ಅಚ್ಚು ಒತ್ತಿದ ಹಾಗೆ ಮೂಡಿದವು. ತಾಟಿನ ಗೋಲಿಗಳು ಯಾವ ಬಣ್ಣದವೆಂದು ತಿಳಿಯುತ್ತಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಸೀಸೆಯಲ್ಲಿ ತಂದಿದ್ದ ಶುದ್ಧ ನೀರು ಹಾಕಿ ಗೋಲಿ ತೊಳೆದೆ, ನೀರು ಹುಣಸೆ ರಸದಷ್ಟು ಗಟ್ಟಿಯಾಗಿ ಇಳಿಯಿತು. ಅತ್ತೆ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದಳು.

"ಇದು ಒಂದ ತಿಂಗಳದ್ದೇನು?"

"ಹ್ಞೂಂ ಅತ್ತೀ."

"ದಿನಾ ಬಳದು ಹಾಕ್ತಿದ್ನಲ್ಲ, ಎಷ್ಟು ಅಂತ ಕಂಡಿದ್ದಿಲ್ಲ ನನಗ." ಪ್ಯಾರಾಪೆಟ್ ಗೋಡೆಯ ಮೇಲೆ ಬೆರಳು ಎಳೆದಳು, ಬೆರಳನ್ನು ನೋಡಿದಳು. "ಇದ ಗಾಳಿ ನಾವೂ ಉಂಡೀವಲ್ಲ."

ಕೆಳಗೆ ಊಟಕ್ಕೆ ಕೂತಿದ್ದ ಗಂಡನನ್ನು, ನನ್ನ ಮಾಮನನ್ನು, ಕೂಗಿ ಕರೆದಳು. ಆ ಕಾಲದಲ್ಲಿ ನಮ್ಮ ಕಡೆ ಕೈಯಲ್ಲಿ ನಾಲ್ಕು ಕಾಸು ಓಡಾಡಿದವರೆಲ್ಲ ಲಾರಿ ಕೊಂಡವರೇ; ಮಾಮನ ಎರಡು ಲಾರಿಗಳೂ ಅದಿರು ತುಂಬಿಕೊಂಡು ಅದೇ ದಾರಿಯಲ್ಲಿ ಓಡುತ್ತಿದ್ದವು. ಮಾಮ ಎಂಜಲುಗೈಯಲ್ಲೇ ಮೆಟ್ಟಿಲು ಹತ್ತಿ ಬಂದು ತಾಟು ನೋಡಿದರು. "ಕೆಂಪು ಮಣ್ಣು. ಇದ್ದದ್ದ ಐತಿ. ಸಾರು ಆರ್ತೈತಿ ನಡಿ" ಎಂದು ಇಳಿದು ಹೋದರು. ಅತ್ತೆ ಇಳಿಯಲಿಲ್ಲ. ನಾನು ಸೀಸೆಯ ಮುಚ್ಚಳ ಬಿಗಿ ಮಾಡುವುದರಲ್ಲಿದ್ದೆ.

ಇಂಗ್ಲೆಂಡಿಗೆ ಮರಳಿ ಆ ನೀರು ಸೋಸಿ, ಒಣಗಿಸಿ, ತೂಗಿದೆವು. ಮಾರ್ಗದರ್ಶಕರು ಸೋಸಿದ ಕಾಗದದ ಮೇಲಿನ ಕೆಂಪನ್ನು ಬಗ್ಗಿ ನೋಡಿ "ಎಷ್ಟು ಸುಂದರ!" ಎಂದರು. ಅವರು ಹೇಳಿದ್ದು ತೂಕದ ಅಂಕಿಯನ್ನು, ಅದು ನನಗೂ ಗೊತ್ತು. ಆದರೂ ಮೈ ಉರಿಯಿತು. ಸುಂದರವಂತೆ! ಎರಡು ದಿನ ಅವರ ಬಾಗಿಲಲ್ಲಿ ಕೆಮ್ಮಲೂ ಹೋಗಲಿಲ್ಲ. ಅಂತೂ ಪ್ರಬಂಧ ಮುಗಿಯಿತು, ಮೌಖಿಕ ಪರೀಕ್ಷೆ ಮುಗಿಯಿತು, ಪದವಿ ಬಂತು.

ಸಂತೋಷದ ಸುದ್ದಿ ಹೇಳೋಣವೆಂದು ಕಂಪ್ಲಿಗೆ ಫೋನು ಮಾಡಿದರೆ ಅಪ್ಪ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ.

"ಅದಿರಲಿ. ನಿಮ್ಮತ್ತಿ ಕಸ ಹೊಡಿಯಾದು ಬಿಟ್ಟಾಳ. ಗೊತ್ತೇನು ನಿನಗ?"

"ಯಾವಾಗಿನಿಂದ?"

"ನೀ ಹೋದಾಗಿಂದ. ಮಾಳಿಗಿ ಇಲ್ಲ, ಮುಂದಿನ ಕಟ್ಟಿ ಇಲ್ಲ. ಅಡಗಿಮನಿ, ದೇವರ ಮನಿ ಬಿಟ್ರ ಎಲ್ಲಾ ಕೆಂಪಗ. ಲಾರಿ ಮಾಲಕರು ಮಾತಿಗೆ ಬಂದ್ರ ಕಟ್ಟಿ ಮ್ಯಾಲೆ ಕುಂದ್ರಿ ಅಂತಾಳ, ಎದ್ರ ಅವರ ಬಿಳಿ ಧೋತ್ರ ಕೆಂಪು. ನಿಮ್ಮ ಮಾಮ ಆಳು ಕರಸಿದ್ರ ಆಳಿನ ಕೈಯಾಗಿಂದ ಕಸಬರಿಗಿ ಕಸಗೊಂಡಾಳ. ಬೀಗರು ಬಂದು ಆಡಿಕೊಂಡು ಹೋದ್ರು. ನಮ್ಮಕ್ಕಗ ಏನೋ ಆಗೈತಿ ಅಂತ ಊರ ತುಂಬ ಮಾತು. ನೀನ ಕೆಡಸೀದಿ, ನೀನ ಹೇಳು ಆಕಿಗೆ."

ನನ್ನ ಹಣೆಬರಹ ನೋಡಿ. ಗುಡಿಸಬೇಡ ಎಂದು ಕಾಲು ಹಿಡಿದದ್ದಾಯಿತು, ಈಗ ಗುಡಿಸು ಎಂದು ಕಾಲು ಹಿಡಿಯಬೇಕು, ಅದೂ ಸಮುದ್ರದ ಆಚೆಯಿಂದ. ಗಾದಿಗನೂರಿಗೆ ಫೋನು ಹಚ್ಚಿದೆ. ಅತ್ತೆಯೇ ಎತ್ತಿಕೊಂಡಳು, ದನಿಯಲ್ಲಿ ಏನೂ ಕೆಟ್ಟಿರಲಿಲ್ಲ. ಊಟ ಆಯಿತೇ, ಚಳಿ ಹೇಗಿದೆ ಎಂದೆಲ್ಲ ಕೇಳಿದಳು.

"ಅತ್ತೀ, ನನ್ನ ಕೆಲಸ ಮುಗೀತು. ಡಿಗ್ರಿ ಬಂತು. ಇನ್ನ ನೀ ಕಸ ಹೊಡಿಬಹುದು."

"ನಿಂದು ಮುಗೀತಲ್ಲ, ಭಾಳ ಚಲೋ ಆತವ್ವ" ಎಂದಳು. ಅವಳ ಹಿಂದೆ ಲಾರಿಯೊಂದು ಗುಡುಗುಡು ಹಾದುಹೋಯಿತು. "ನಿಮ್ಮ ಮಾಮ ಇನ್ನಾ ಈ ಧೂಳು ನೋಡವಲ್ರು. ಅವರು ನೋಡಾತನಕ ನಾ ಕಸಬರಿಗಿ ಮುಟ್ಟಂಗಿಲ್ಲ."