ಬಂಡೆಯಡಿಯ ಹೊಸ್ತಿಲು

ತನ್ನ ಹೆಸರು ಕೇಳಿದರೆ ರಾಮನಗರದ ಬಂಡೆಗಳೆಲ್ಲ ಬೆವರುತ್ತವೆ ಎಂದು ಚಿಕ್ಕಹನುಮಯ್ಯ ನಂಬಿದ್ದ. ಅರವತ್ತು ದಾಟಿದ ಈ ಮೇಸ್ತ್ರಿ, ಕಲ್ಲು ಎಲ್ಲಿ ಸೀಳುತ್ತದೆಂದು ಮುಟ್ಟಿ ನೋಡಿಯೇ ಹೇಳುತ್ತಿದ್ದ. ಹೆಂಡತಿ ಮಾರಮ್ಮ ಯಾವಾಗ ಸಿಡಿಯುತ್ತಾಳೆಂಬುದು ಮಾತ್ರ ಇವತ್ತಿಗೂ ಹೊಳೆದಿರಲಿಲ್ಲ. ಒಮ್ಮೆ ಕೂರಿಸಿದ ಕಲ್ಲನ್ನು ಅವನು ಜನ್ಮದಲ್ಲಿ ಕಿತ್ತವನಲ್ಲ.

ಗುಡ್ಡದ ಪಕ್ಕ ರೇಷ್ಮೆ ಮಿಲ್ಲು, ಅದರ ಕೆಲಸಗಾರರ ಮೂವತ್ತು ಮನೆ. ಅಲ್ಲಿನ ಬ್ಯಾಪ್ಟಿಸ್ಟ್ ಮಂದಿ ಗೂಡು ಬೇಯಿಸುವ ಶೆಡ್ಡಿನ ನಾತದಲ್ಲಿ ಪ್ರಾರ್ಥನೆ ಮಾಡಿ ಸಾಕಾಗಿ, ಗುಡ್ಡದ ಬುಡದಲ್ಲಿ ಸ್ವಂತ ಚರ್ಚು ಕಟ್ಟಲು ಈ ಮಹಾವೀರನನ್ನೇ ಕರೆದರು. ಗೋಡೆ ಎದ್ದಿತು, ತಗಡಿನ ಶೀಟು ಹೊದಿಸಿದ್ದಾಯಿತು. ಹೊಸ್ತಿಲಿಗೆ ಕಲ್ಲು ಹುಡುಕುತ್ತ ಗುಡ್ಡ ಹತ್ತಿದವನಿಗೆ, ಮನೆಯಷ್ಟು ದೊಡ್ಡ ಬಂಡೆಯೊಂದರ ಅಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದಂಥ ಚಪ್ಪಟೆ ಕಲ್ಲು ಕಂಡಿತು. ಹಾರೆ ಹಾಕಿ ಎಳೆದ. ಬಂತು. ಬಂಡೆ ಸುಮ್ಮನಿತ್ತು.

ಉದ್ಘಾಟನೆಯ ಹಿಂದಿನ ದಿನ ಮಿಲ್ಲಿನ ಸೈರನ್ ಕೂಗಿದಾಗ ಚರ್ಚಿನ ಶೀಟಿನ ಮೇಲೆ ಟಪಟಪ ಸದ್ದಾಯಿತು. ಮಳೆಯೆಂದು ಆಕಾಶ ನೋಡಿದ, ಮೋಡವಿಲ್ಲ. ಉದುರಿದ್ದು ಹರಳುಕಲ್ಲು. ಆಗ ಗುಡ್ಡ ನೋಡಿದ, ಬಂಡೆ ಚರ್ಚಿನತ್ತ ವಾಲಿತ್ತು. ಅವನು ಎಳೆದು ತಂದದ್ದು ಬಂಡೆ ಉರುಳದಂತೆ ತಡೆದಿದ್ದ ಕಲ್ಲು!

"ಹೇಳ್ಬುಡು," ಎಂದಳು ರಾತ್ರಿ ವಿಷಯ ಕೇಳಿದ ಮಾರಮ್ಮ. "ನಾಳೆ ಅಷ್ಟೂ ಜನ ಅದರ ಕೆಳಗೇ ಕುಂತ್ಕತಾರೆ."

"ಹೆಸರು ಹೋಯ್ತದೆ ಕಣೆ."

"ಹೋಗ್ಲಿ ಬುಡು. ನಾನೇನು ನಿನ್ನ ಹೆಸರಿಡಿದು ಕೂಗ್ತೀನಾ?"

ಭಾನುವಾರ ಪಾಸ್ಟರ್ ದೇವರಾಜ್ ಕತ್ತರಿ ಹಿಡಿದು ನಿಂತಿದ್ದರು. ಚಿಕ್ಕಹನುಮಯ್ಯ ಹಾರೆ ಹಿಡಿದು ಬಂದ.

"ಏನ್ ಮೇಸ್ತ್ರಿ, ರಿಬ್ಬನ್ ಅಷ್ಟೊಂದು ಗಟ್ಟಿ ಐತಾ?"

"ಯಾರೂ ಒಳೀಕೆ ಹೋಗ್ಬ್ಯಾಡಿ ಪಾಸ್ಟ್ರೇ. ಮೇಲಿನ ಬಂಡೆಗಿದ್ದ ಆಸರೆ ಕಿತ್ತು ನಿಮ್ಮ ಹೊಸ್ತಿಲಿಗೆ ಹಾಕ್ಬುಟ್ಟೆ. ತಪ್ಪು ನಂದೇಯ."

ನಗುತ್ತಿದ್ದವರು ಮೇಲೆ ನೋಡಿದರು. ಆಮೇಲೆ ಯಾರೂ ನಗಲಿಲ್ಲ.

ತಾನು ಕೂರಿಸಿದ ಕಲ್ಲನ್ನು ತಾನೇ ಕಿತ್ತ. ನಾಲ್ವರು ಹೊತ್ತು ಮೇಲೆ ಮುಟ್ಟಿಸಿದರು. ಅವರನ್ನು ದೂರ ಕಳಿಸಿ, ಒಬ್ಬನೇ ಬಂಡೆಯಡಿಗೆ ತೂರಿಸಲು ಕುಳಿತ. ಕಲ್ಲು ಒಳಗೆ ಹೋಗಲಿಲ್ಲ. ಎರಡು ಬೆರಳಷ್ಟು ಜಾಗ ಕಮ್ಮಿ ಬಿತ್ತು. ಕಲ್ಲು ಬೆಳೆಯುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪ್ರಾರ್ಥನೆ ಶೆಡ್ಡಿಗೇ ಮರಳಿತು. ಹೊಸ ಚರ್ಚಿಗೆ ಬೀಗ ಬಿತ್ತು. ಮಿಲ್ಲಿನವರು ಸೈರನ್ ಬಿಟ್ಟು ಸೀಟಿ ಊದುತ್ತಾರೆ, ಅದೂ ಮೆಲ್ಲಗೆ. ಚಿಕ್ಕಹನುಮಯ್ಯ ದಿನಾ ಬೆಳಿಗ್ಗೆ ಗುಡ್ಡ ಹತ್ತಿ, ಬಂಡೆ ಎಷ್ಟು ಕುಸಿದಿದೆಯೆಂದು ಅಳೆಯುತ್ತಾನೆ.

"ಎಷ್ಟಾಯ್ತು ಮೇಸ್ತ್ರಿ?" ಎಂದು ಮೊನ್ನೆ ಪಾಸ್ಟರ್ ಕೆಳಗಿನಿಂದ ಕೂಗಿದರು.

ಅವನು ಸದ್ದಾಗದಂತೆ ಕೈಯೆತ್ತಿ ಮೂರು ಬೆರಳು ತೋರಿಸಿದ.