ಹಲ್ಲಿಗೆ ಗೊತ್ತಿದ್ದ ಹದ

ಬಲೆ ಬಿಚ್ಚಿಕೊಳ್ಳಲಿಲ್ಲ.

ನಮ್ಮೂರು ಕೇಣಿಯ ಹಳ್ಳದಲ್ಲಿ ಮೊಣಕಾಲು ನೀರಿಗೆ ನಿಂತು ಬೀಸಿದ್ದೆ. ಮುದ್ದೆಯಾಗಿ ಬಿತ್ತು. ನೋಡಿದರೆ ಬಲಗೈಯ ಮಣಿಕಟ್ಟು ಜೋತಾಡುತ್ತಿದೆ. ಎತ್ತಿದರೆ ಏಳದು. ಎರಡು ತಿಂಗಳಿಂದ ಹೊಟ್ಟೆ ತಿರುಚುವ ನೋವೂ ಇತ್ತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯದಲ್ಲೇ ದಿನ ತಳ್ಳಿದ್ದೆ.

ಕಾರವಾರದ ಡಾಕ್ಟರು ಬ್ಲಡ್ ಟೆಸ್ಟ್ ಬರೆದರು. ರಿಪೋರ್ಟ್ ಬಂತು.

ರಕ್ತದಲ್ಲಿ ಸೀಸ.

"ಪೇಂಟ್ ಕೆಲಸವಾ? ಬ್ಯಾಟರಿ ಕೆಲಸವಾ?"

"ಅಲ್ಲ ಡಾಕ್ಟ್ರೆ, ಗದ್ದೆ ಕೆಲ್ಸ. ಬಿಡುವಾದ್ರೆ ಬಲೆ ಕಟ್ತೆ."

ಪಕ್ಕದಲ್ಲಿದ್ದ ಹೆಂಡತಿ ಸುಮಿತ್ರಾ ಸುಮ್ಮನಿರಲಿಲ್ಲ. "ಕಚ್ಚೂದು ಹೇಳಿ! ಎಲೆಅಡಿಕೆ ಕವಳ ಹಾಕ್ದಂಗೆ ಬಾಯ್ತುಂಬ ಸೀಸದ ಗುಂಡು ತುಂಬ್ಕಂಡಿರ್ತ್ರು ಡಾಕ್ಟ್ರೆ. ಊಟಕ್ಕೆ ಕರದ್ರೂ ಮಾತಿಲ್ಲ."

ಹೌದು. ಬೀಸುಬಲೆ ಮುಳುಗಲೆಂದು ಅಂಚಿಗೆ ಸೀಸದ ಗುಂಡು ಪೋಣಿಸಿ ಹಲ್ಲಲ್ಲಿ ಅದುಮುವುದನ್ನು ಅಜ್ಜ ಕಲಿಸಿದ್ದ. ಇಕ್ಕಳ ದಾರ ಕಡಿಯುತ್ತದೆ, ಹಲ್ಲಿಗೆ ಮಾತ್ರ ಹದ ಗೊತ್ತು ಎನ್ನುತ್ತಿದ್ದ. ನಾನು ಮಾತು ಕಲಿತದ್ದೂ ಅವನ ಪಕ್ಕದಲ್ಲಿ ಕೂತೇ. ಅವನ ಮೇಲೆ ಹೇಗೆ ಸಿಟ್ಟಾಗಲಿ?

ಅಡ್ಮಿಟ್ ಆದೆ. ಕಿಲೇಶನ್ ಶುರುವಾಯಿತು. ಆ ಔಷಧ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆ; ಜೊತೆಗೆ ಮೈಗೆ ಬೇಕಾದ ಝಿಂಕನ್ನೂ ಎಳೆದೊಯ್ಯುತ್ತದಂತೆ. ನನಗೋ ಚಡಪಡಿಕೆ: ಕೂತರೆ ನಿಲ್ಲಬೇಕು, ನಿಂತರೆ ವಾರ್ಡಿನ ಬಾಗಿಲತನಕ ಹೋಗಿಬರಬೇಕು. ಕೈ ಮತ್ತೆ ಏಳದಿದ್ದರೆ ಗದ್ದೆಯಲ್ಲಿ ಕತ್ತಿ ಹಿಡಿಯುವುದು ಹೇಗೆ, ಬಲೆ ಬೀಸುವುದು ಹೇಗೆ?

ಮನೆಗೆ ಬಂದ ಮೂರನೇ ವಾರ, ಇಳಿದಿದ್ದ ಸೀಸದ ಲೆವೆಲ್ ಮತ್ತೆ ಏರಿತು.

ಎಲುಬಿನಲ್ಲಿ ಕೂತದ್ದು ರಕ್ತಕ್ಕೆ ಬರುತ್ತಿದೆ ಎಂದರು ಡಾಕ್ಟರು. ಪೆಪ್ಟೈಡ್ ಎಂಬ ಹೆಸರು ಕೇಳಿದ್ದು ಆಗ. ಪ್ರೋಟೀನಿನ ಚಿಕ್ಕ ತುಂಡುಗಳಂತೆ. ಸೀಸವನ್ನಷ್ಟೇ ಹಿಡಿದು ಉಳಿದದ್ದನ್ನು ಬಿಟ್ಟುಬಿಡುವಂಥವನ್ನು ಲ್ಯಾಬಿನಲ್ಲಿ ಹುಡುಕುತ್ತಿದ್ದಾರಂತೆ. ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಲೆಯ ಕಣ್ಣು ಎಷ್ಟಿರಬೇಕು, ಏನು ಸಿಗಬೇಕು, ಏನು ಜಾರಬೇಕು ಎನ್ನುವುದೇ ತಾನೇ?

"ಆ ಬಲೆ ನಂಗೇ ಹಾಕಿ ಡಾಕ್ಟ್ರೆ."

ಅವರು ನಕ್ಕರು. "ಅದಿನ್ನೂ ಮನುಷ್ಯರಿಗೆ ಕೊಡೋ ಔಷಧ ಆಗಿಲ್ಲ. ಸದ್ಯ ಇರೋದು ಇದೇ."

ಇರುವುದನ್ನೇ ಇನ್ನೊಂದು ಕೋರ್ಸ್ ತೆಗೆದುಕೊಂಡೆ. ಲೆವೆಲ್ ಇಳಿದಿದೆ. ಮತ್ತೆ ಏರದು ಎಂದು ಯಾರೂ ಹೇಳಿಲ್ಲ. ಬೆಳಿಗ್ಗೆ ಎದ್ದವನೇ ಜಗಲಿಯ ಅಂಚಿಗೆ ಕೈ ಇಟ್ಟು ಮಣಿಕಟ್ಟು ಎತ್ತಿ ನೋಡುತ್ತೇನೆ. ನಿನ್ನೆ ಎರಡು ಬೆರಳಿನಷ್ಟು ಎದ್ದಿತು.

ಸೀಸದ ಗುಂಡಿನ ಬಲೆ ಈಗ ಮನೆಯಲ್ಲಿಲ್ಲ. ನಿನ್ನೆ ಸಂಜೆ ಹೊಸ ಬಲೆಯ ಅಂಚಿಗೆ ಸುಮಿತ್ರಾ ಕಬ್ಬಿಣದ ಸರಪಳಿ ಕಟ್ಟುತ್ತಿದ್ದಳು. ನಾನು ದಾರದ ತುದಿ ಹಿಡಿದಿದ್ದೆ. ಗಂಟು ಬಿತ್ತು. ಗೊತ್ತಿಲ್ಲದೆ ಬಾಯಿ ತೆರೆದೆ, ಕಚ್ಚಲು.

ಅವಳು ಎದ್ದು ಹೋಗಿ ಕೈ ತೊಳೆದು ಬಂದು ಬೆಲ್ಲದ ಚೂರೊಂದನ್ನು ನನ್ನ ಬಾಯಿಗಿಟ್ಟಳು.

"ತಕಳಿ. ಇದ ಕಚ್ಚಿ."